ಕೂಗದ ಕೋಳಿ, ಕಾಣುವ ಕತ್ತಲೆ: ವಿದ್ಯಾರ್ಥಿ ಕಿರುಚಿತ್ರವೊಂದರಲ್ಲಿ ಯಂತ್ರದ ಪಾಲು

ಕನ್ನಡದ ಚಲನಚಿತ್ರ ವಿಮರ್ಶೆ ಸಾಹಿತ್ಯ ವಿಮರ್ಶೆಯ ಮನೆಯಲ್ಲಿಯೇ ಹುಟ್ಟಿ ಬೆಳೆದುದು. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಈ ಮೂರೂ ಚಿತ್ರಗಳ ಹಿಂದೆ ನಮಗೆ ಮೊದಲೇ ಪರಿಚಿತವಾಗಿದ್ದ ಕಥೆ, ಕಾದಂಬರಿಗಳಿದ್ದವು. ಆದ್ದರಿಂದ ಚಿತ್ರವನ್ನು ನೋಡುವುದೆಂದರೆ ಅದರ ಆಶಯವನ್ನು ಮೂಲಕೃತಿಯ ಆಶಯದೊಡನೆ ತೂಗಿ ನೋಡುವುದು ಎಂಬ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿತು. ಕ್ಯಾಮೆರಾ, ಫಿಲ್ಮು, ಧ್ವನಿಗ್ರಹಣಗಳ ಮಾತು ಬಂದಾಗ ‘ತಾಂತ್ರಿಕವಾಗಿಯೂ ಚಿತ್ರ ಸೊಗಸಾಗಿದೆ’ ಎಂಬ ಒಂದು ವಾಕ್ಯವನ್ನು ಲೇಖನದ ತುದಿಯಲ್ಲಿ ಇರಿಸಿ ನಾವು ಕೈತೊಳೆದುಕೊಳ್ಳುತ್ತೇವೆ. ಕಾವ್ಯದ ಛಂದಸ್ಸನ್ನು ಬಿಟ್ಟು ಕಾವ್ಯವನ್ನು ಚರ್ಚಿಸಿದರೆ ಆಗುವ ಕೊರತೆಯೇ ಇಲ್ಲಿಯೂ ಆಗುತ್ತದೆ. ಯಂತ್ರವೇ ಕಥೆಯ ಅರ್ಥವನ್ನು ನಿರ್ಧರಿಸುವಂತಹ ಚಿತ್ರವೊಂದು ಎದುರಾದಾಗಲಂತೂ ಈ ಕೊರತೆ ಮುಚ್ಚಿಡಲಾಗದಂತೆ ಕಾಣಿಸಿಕೊಳ್ಳುತ್ತದೆ.

ಅಂತಹ ಒಂದು ಚಿತ್ರ ಪುಣೆಯಲ್ಲಿ, ಕನ್ನಡದಲ್ಲಿ, ವಿದ್ಯಾರ್ಥಿಗಳಿಂದ ಆದುದು. ಮೈಸೂರಿನಲ್ಲಿ ವೈದ್ಯಕೀಯ ಓದಿದ ಚಿದಾನಂದ ಎಸ್. ನಾಯ್ಕ ಅವರು ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಒಂದು ವರ್ಷದ ದೂರದರ್ಶನ ತರಗತಿಯಲ್ಲಿ, ವರ್ಷಾಂತ್ಯದ ಅಭ್ಯಾಸವಾಗಿ ನಿರ್ದೇಶಿಸಿದ 16 ನಿಮಿಷಗಳ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿದದ್ದು ಎಂಬುದು ಈ ಹೆಸರಿನ ಅರ್ಥ. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಇದಕ್ಕೆ ಮೊದಲ ಬಹುಮಾನ ಬಂದಿತು. ಜಗತ್ತಿನ ಚಲನಚಿತ್ರ ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ 18ನ್ನು ಆರಿಸಿ, ಆ 18ರಲ್ಲಿ ಇದನ್ನು ಮೊದಲನೆಯದೆಂದು ಗುರುತಿಸಲಾಯಿತು. ಪ್ರಶಸ್ತಿಯ ಸುದ್ದಿ ಬಂದ ದಿನಗಳಲ್ಲಿ ನಮ್ಮ ಪತ್ರಿಕೆಗಳು ಬರೆದುದೆಲ್ಲ ‘ಕನ್ನಡ ಜನಪದ ಕಥೆಗೆ ಜಾಗತಿಕ ಮನ್ನಣೆ’ ಎಂಬ ಧಾಟಿಯಲ್ಲಿ. ಮಾತು ಸುಳ್ಳಲ್ಲ, ಆದರೆ ಅರ್ಧ.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ ಮುದುಕಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಊರವರ ಮೇಲೆ ಸಿಟ್ಟುಗೊಂಡು ಅವಳು ಕೋಳಿಯನ್ನು ಬಗಲಲ್ಲಿ ಇರುಕಿಕೊಂಡು ಹೊರಟುಹೋಗುತ್ತಾಳೆ. ಬೆಳಗು ಮಾತ್ರ ಎಂದಿನಂತೆ ಆಗುತ್ತದೆ. ಮುದುಕಿಯ ಜಂಬ ಮುರಿಯುವುದೇ ಆ ಕಥೆಯ ಸ್ವಾರಸ್ಯ. ಈ ಕಿರುಚಿತ್ರ ಅದನ್ನು ಬುಡಮೇಲು ಮಾಡುತ್ತದೆ. ಮುದುಕಿ ಊರಿನ ಹುಂಜವನ್ನು ಕದಿಯುತ್ತಾಳೆ, ಬೆಳಗು ನಿಜವಾಗಿಯೂ ನಿಂತುಹೋಗುತ್ತದೆ. ಊರು ಕಂಗೆಡುತ್ತದೆ, ಕೋಳಿಯನ್ನು ಮರಳಿ ತರಿಸಲು ಭವಿಷ್ಯವಾಣಿಯೊಂದರ ಮೊರೆಹೋಗುತ್ತದೆ, ಮುದುಕಿಯ ಸಂಸಾರ ಊರು ಬಿಡಬೇಕಾಗುತ್ತದೆ. ಮೂಲದಲ್ಲಿ ನಗೆಗೆ ವಸ್ತುವಾಗಿದ್ದ ನಂಬಿಕೆ ಇಲ್ಲಿ ಲೋಕದ ನಿಯಮವಾಗಿಬಿಡುತ್ತದೆ. ಹೇಳುವ ಕಥೆಯಲ್ಲಿ ಈ ತಿರುವು ಸುಲಭ. ‘ಬೆಳಗಾಗಲೇ ಇಲ್ಲ’ ಎಂದರೆ ಆಯಿತು, ಕೇಳುವವನ ಮನಸ್ಸು ಉಳಿದುದನ್ನು ತುಂಬಿಕೊಳ್ಳುತ್ತದೆ. ತೋರಿಸುವ ಮಾಧ್ಯಮಕ್ಕೆ ಆ ಸೌಕರ್ಯವಿಲ್ಲ. ಬೆಳಕನ್ನೇ ಉಣ್ಣುವ ಯಂತ್ರದ ಮುಂದೆ ಬೆಳಕಿಲ್ಲದ ಲೋಕವನ್ನು ಇರಿಸಿ, ಅದು ಪ್ರೇಕ್ಷಕನ ಕಣ್ಣಿಗೆ ಕಾಣುವಂತೆಯೂ ಕತ್ತಲೆಯೆಂದೇ ನಂಬುವಂತೆಯೂ ಮಾಡಬೇಕು. ಚಿತ್ರದ ನಿಜವಾದ ಸಮಸ್ಯೆ ಇದು.

ಸ್ವಲ್ಪ ಲೆಕ್ಕದ ಮಾತಾಡುವುದು ಇಲ್ಲಿ ಅನಿವಾರ್ಯ. 1970ರ ದಶಕದ ಬಣ್ಣದ ನೆಗೆಟಿವ್‌ನ ಸಂವೇದನೆ 100 ಎ.ಎಸ್.ಎ. ಇತ್ತು. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ, ಎಫ್ 2ರಷ್ಟು ತೆರೆದ ಮಸೂರದಲ್ಲಿ, ಒಂದು ಮುಖವನ್ನು ಸಹಜವಾಗಿ ಮೂಡಿಸಲು ಅಂತಹ ಫಿಲ್ಮಿಗೆ ಸುಮಾರು 480 ಲಕ್ಸ್ ಬೆಳಕು ಬೇಕು. ಒಂದು ಮೇಣದ ಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಹೆಚ್ಚುಕಡಿಮೆ ಒಂದು ಲಕ್ಸ್. ಹುಣ್ಣಿಮೆಯ ಚಂದ್ರ ಕೊಡುವುದು ಅದರ ಕಾಲುಭಾಗ. ಆ ಕಾಲದಲ್ಲಿ ರಾತ್ರಿಯನ್ನು ಚಿತ್ರಿಸಲು ಎರಡೇ ದಾರಿಗಳಿದ್ದವು. ಒಂದೋ ಜನರೇಟರ್ ತಂದು ದೊಡ್ಡ ದೀಪಗಳನ್ನು ಹೂಡುವುದು. ಇಲ್ಲವೆ ಹಗಲಿನಲ್ಲಿಯೇ ಚಿತ್ರೀಕರಿಸಿ, ನೀಲಿ ಶೋಧಕ ಹಾಕಿ, ಬೆಳಕನ್ನು ಬೇಕೆಂದೇ ತಗ್ಗಿಸಿ, ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು, ಅದನ್ನೇ ರಾತ್ರಿಯೆಂದು ಒಪ್ಪಿಸುವುದು. ಇಂತಹ ‘ಹಗಲುರಾತ್ರಿ’ಗಳನ್ನು ನಾವೆಲ್ಲ ನೋಡಿದ್ದೇವೆ, ಬೆಳದಿಂಗಳಲ್ಲಿ ಓಡುವ ನಾಯಕನ ಕಾಲಡಿಯಲ್ಲಿ ಮಧ್ಯಾಹ್ನದ ಗಿಡ್ಡ ನೆರಳು. 1975ರ ‘ಬ್ಯಾರಿ ಲಿಂಡನ್’ ಚಿತ್ರಕ್ಕಾಗಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೇಣದ ಬತ್ತಿಯ ಬೆಳಕಿನಲ್ಲಿಯೇ ಚಿತ್ರೀಕರಿಸಲು ನಾಸಾದ ಉಪಯೋಗಕ್ಕೆಂದು ಝೈಸ್ ಕಂಪನಿ ತಯಾರಿಸಿದ್ದ ಎಫ್ 0.7 ಮಸೂರಗಳನ್ನು ಹುಡುಕಿ ತರಬೇಕಾಯಿತು. ದೊಡ್ಡ ಬಂಡವಾಳದ ನಿರ್ದೇಶಕನಿಗೂ ಕತ್ತಲೆ ಅಷ್ಟು ದುಬಾರಿಯಾಗಿತ್ತು. ಅದೇ 1975ರಲ್ಲಿ ಗಿರೀಶ ಕಾಸರವಳ್ಳಿಯವರು ಇದೇ ಪುಣೆಯ ಸಂಸ್ಥೆಯಿಂದ ‘ಅವಶೇಷ’ ಎಂಬ ವಿದ್ಯಾರ್ಥಿ ಚಿತ್ರವನ್ನು ಮುಗಿಸಿ ಹೊರಬಂದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಆ ತಲೆಮಾರಿನ ವಿದ್ಯಾರ್ಥಿಯೊಬ್ಬ ‘ನನ್ನ ಕಥೆಯಲ್ಲಿ ಸೂರ್ಯ ಹುಟ್ಟುವುದೇ ಇಲ್ಲ’ ಎಂದಿದ್ದರೆ ಅವನ ಗುರುಗಳು ಏನನ್ನುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ಇಂದಿನ ಹಲವು ಡಿಜಿಟಲ್ ಕ್ಯಾಮೆರಾಗಳ ಸಂವೇದಕಗಳು 800ರ ಸಹಜ ಸಂವೇದನೆಯಿಂದಲೇ ಪ್ರಾರಂಭವಾಗುತ್ತವೆ. 2017ರ ಹೊತ್ತಿಗೆ ಬಂದ ಸೋನಿ ವೆನಿಸ್‌ನಂತಹ ಕ್ಯಾಮೆರಾಗಳಲ್ಲಿ 500 ಮತ್ತು 2500 ಎಂಬ ಎರಡು ಮೂಲ ಸಂವೇದನೆಗಳಿವೆ. 100ರಿಂದ 2500ಕ್ಕೆ ಎಂದರೆ ಇಪ್ಪತ್ತೈದು ಪಟ್ಟು. ಅದೇ ಮುಖಕ್ಕೆ ಈಗ ಇಪ್ಪತ್ತು ಲಕ್ಸಿಗಿಂತ ಕಡಿಮೆ ಬೆಳಕು ಸಾಕು. ಒಂದು ಲಾಟೀನು, ಒಂದು ಒಲೆಯ ಉರಿ ಸಮೀಪದಲ್ಲಿದ್ದರೆ ಅದೇ ದೀಪವೂ ಆಗುತ್ತದೆ, ದೃಶ್ಯದೊಳಗಿನ ವಸ್ತುವೂ ಆಗುತ್ತದೆ. ಇಡೀ ಚಿತ್ರವನ್ನು ರಾತ್ರಿಯಲ್ಲಿಯೇ ನಡೆಸುವ ಧೈರ್ಯ ವಿದ್ಯಾರ್ಥಿ ತಂಡವೊಂದಕ್ಕೆ ಬರುವುದು ಈ ಲೆಕ್ಕದಿಂದ.

ಆದರೆ ಈ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಇಪ್ಪತ್ತು ಲಕ್ಸ್ ಬೇಕಾದಲ್ಲಿ ಬೆಳದಿಂಗಳು ಕಾಲು ಲಕ್ಸ್ ಮಾತ್ರ. ರಾತ್ರಿಯ ದೃಶ್ಯವೆಂದು ಎರಡು ಮೂರು ಸ್ಟಾಪುಗಳಷ್ಟು ಬೆಳಕನ್ನು ಬೇಕೆಂದೇ ತಗ್ಗಿಸಿದರೂ ಬಯಲಿನ ಕತ್ತಲೆ ತಾನಾಗಿ ಚಿತ್ರವಾಗುವುದಿಲ್ಲ. ಮರದ ಅಂಚಿಗೆ, ಗೋಡೆಯ ಮೂಲೆಗೆ, ಹೆಗಲ ಮೇಲೆ ಎಲ್ಲಿಂದಲೋ ಬಂದ ಬೆಳಕಿನ ಗೆರೆಯನ್ನು ಛಾಯಾಗ್ರಾಹಕ ಎಳೆಯಲೇಬೇಕು. ಅದು ಚಂದ್ರನದೆಂದು ನಾವು ನಂಬುತ್ತೇವೆ. ಈ ಚಿತ್ರವನ್ನು ಮೆಚ್ಚಿದವರು ಅದರ ರಾತ್ರಿಯನ್ನು ‘ಸಹಜ’ ಎಂದು ಹೊಗಳಿದ್ದನ್ನು ನಾವು ಕೇಳಿದ್ದೇವೆ. ನಮ್ಮ ದೃಷ್ಟಿಯಲ್ಲಿ ಅದು ಹೊಗಳಿಕೆಯೇ ಅಲ್ಲ. ಸಹಜವಾಗಿ ಬಿಟ್ಟಿದ್ದರೆ ಕಾಣುತ್ತಿದ್ದುದು ಸಂವೇದಕದ ಗದ್ದಲ ಮಾತ್ರ, ಕಪ್ಪಿನಲ್ಲಿ ಕುದಿಯುವ ಬಣ್ಣದ ಮರಳು. ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ಚೌಕಟ್ಟು ಚೌಕಟ್ಟಿಗೂ ತೀರ್ಮಾನಿಸಿದುದರ ಫಲ ಆ ಕತ್ತಲೆ. ಕಥೆಯ ಮಟ್ಟಿಗೆ ಇದು ಬಹು ಮುಖ್ಯ. ಬೆಳಗಾಗದ ಊರಿನಲ್ಲಿ ಬೆಳಕು ಯಾರ ಕೈಯಲ್ಲಿದೆಯೋ ಅವರ ಮುಖ ಮಾತ್ರ ಕಾಣುತ್ತದೆ. ದೀಪ ಹಿಡಿದವನು ನೋಡುವವನೂ ಹೌದು, ಕಾಣಿಸಿಕೊಳ್ಳುವವನೂ ಹೌದು. ಹಗಲುರಾತ್ರಿಯ ತಂತ್ರದಲ್ಲಿ ಈ ಅರ್ಥ ಹುಟ್ಟಲು ಸಾಧ್ಯವೇ ಇರಲಿಲ್ಲ. ಅಲ್ಲಿ ಎಲ್ಲರ ಮೇಲೂ ಒಂದೇ ನೀಲಿ ಬೆಳಕು, ಊರೆಲ್ಲ ಸಮಾನವಾಗಿ ಕಾಣುತ್ತದೆ.

ಧ್ವನಿಯ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ನಮ್ಮ ವಿಮರ್ಶಕರು ಅದನ್ನು ಇನ್ನೂ ಕಡಿಮೆ ಗಮನಿಸಿದ್ದಾರೆ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರಿಫ್ಲೆಕ್ಸ್ 2 ಸಿ ಕ್ಯಾಮೆರಾ ಓಡುವಾಗ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿತ್ತು. ಆದ್ದರಿಂದ ಸ್ಥಳದಲ್ಲಿ ಹಿಡಿದ ಮಾತು ಮಾರ್ಗದರ್ಶನಕ್ಕಷ್ಟೇ ಉಪಯೋಗ; ನಟರು ಆಮೇಲೆ ಕತ್ತಲೆಯ ಸ್ಟುಡಿಯೋದಲ್ಲಿ ತೆರೆಯ ಮೇಲಿನ ತಮ್ಮದೇ ತುಟಿಗಳಿಗೆ ಮಾತನ್ನು ಜೋಡಿಸುತ್ತಿದ್ದರು. ಕನ್ನಡದ ಉಪಭಾಷೆಗಳಿಗೆ ಇದರಿಂದ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ. ಸ್ಟುಡಿಯೋದ ಮೈಕಿನ ಮುಂದೆ ನಿಂತವನು ತನಗರಿವಿಲ್ಲದೆಯೇ ಶಿಷ್ಟನಾಗುತ್ತಾನೆ. ನುಂಗಿದ ಸ್ವರಗಳು ಪೂರ್ಣಗೊಳ್ಳುತ್ತವೆ, ಮಾತಿನ ನಡುವೆ ಬರುವ ಉಸಿರು ಮಾಯವಾಗುತ್ತದೆ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಮೊದಲು ಪ್ರದರ್ಶಿತವಾದ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಗರ ಮಾತನ್ನು ಸ್ಥಳದಲ್ಲಿಯೇ ಹಿಡಿದಾಗ ನಮಗಾದ ಅಚ್ಚರಿ ಇಷ್ಟು ವರ್ಷಗಳ ಆ ಶಿಷ್ಟತೆಯಿಂದ ಬಿಡುಗಡೆ ಸಿಕ್ಕ ಅಚ್ಚರಿಯೂ ಆಗಿತ್ತು. ಸದ್ದಿಲ್ಲದ ಡಿಜಿಟಲ್ ಕ್ಯಾಮೆರಾ, ನಟನ ಅಂಗಿಯೊಳಗೆ ಅಡಗುವ ನಿಸ್ತಂತು ಮೈಕು, ಎಂಟು ಹತ್ತು ಹಾದಿಗಳಲ್ಲಿ ಒಟ್ಟಿಗೇ ಮುದ್ರಿಸುವ ಪುಟ್ಟ ಪೆಟ್ಟಿಗೆ ಇವಿಲ್ಲದೆ ಆ ಬಗೆಯ ಕನ್ನಡ ತೆರೆಗೆ ಬರುತ್ತಿರಲಿಲ್ಲ.

ರಾತ್ರಿಯ ಹಳ್ಳಿಯಲ್ಲಿ ಧ್ವನಿ ಹಿಡಿಯುವುದು ಹಗಲಿಗಿಂತ ಸುಲಭವೆಂದು ತೋರಬಹುದು. ಹಾಗಲ್ಲ. ಹಗಲಿನ ಗದ್ದಲದಲ್ಲಿ ಮುಚ್ಚಿಹೋಗುವುದೆಲ್ಲ ರಾತ್ರಿ ಎದ್ದು ಕೇಳುತ್ತದೆ. ಜೀರುಂಡೆಯ ನಾದ ಸಂಜೆ ಎಂಟಕ್ಕೆ ಒಂದು ಬಗೆ, ನಡುರಾತ್ರಿ ಎರಡಕ್ಕೆ ಇನ್ನೊಂದು ಬಗೆ. ಒಂದೇ ಸಂಭಾಷಣೆಯ ಎರಡು ಭಾಗಗಳನ್ನು ಈ ಎರಡು ವೇಳೆಗಳಲ್ಲಿ ಚಿತ್ರೀಕರಿಸಿದರೆ ಪ್ರತಿ ಕತ್ತರಿಕೆಯಲ್ಲೂ ಹಿನ್ನೆಲೆಯ ನಾದ ಜಿಗಿಯುತ್ತದೆ. ಅದನ್ನು ಅಳಿಸಿ, ಬೇರೊಂದು ಅಖಂಡ ರಾತ್ರಿಯನ್ನು ಸಂಕಲನದ ಮೇಜಿನ ಮೇಲೆ ಹಾಸಬೇಕು. ಈ ಕಥೆಯಲ್ಲಿ ಇನ್ನೂ ಒಂದು ವಿಶೇಷ ತೊಡಕಿದೆ. ಇಡೀ ಲೋಕ ಕಾಯುತ್ತಿರುವುದು ಒಂದು ಕೂಗಿಗಾಗಿ, ಆ ಕೂಗು ಕೇಳಬಾರದು. ಕೋಳಿಗಳಾದರೋ ಸೂರ್ಯನನ್ನು ಕಾದು ಕುಳಿತಿರುವುದಿಲ್ಲ. ಮಂದ ಬೆಳಕಿನಲ್ಲಿಯೇ ದಿನಗಟ್ಟಲೆ ಇರಿಸಿದ ಹುಂಜಗಳೂ ಒಳಗಿನ ಗಡಿಯಾರದ ಪ್ರಕಾರ ಹೊತ್ತಿಗೆ ಸರಿಯಾಗಿ ಕೂಗುತ್ತವೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಯಾವ ಹಳ್ಳಿಯಲ್ಲಿಯೇ ಆಗಲಿ ಬೆಳಗಿನ ಜಾವ ನಾಲ್ಕಕ್ಕೆ ಮೈಕು ತೆರೆದಿಟ್ಟರೆ ಸುತ್ತಲಿನ ಹಟ್ಟಿಗಳ ಹುಂಜಗಳು ಈ ಕಥೆಯನ್ನು ಸುಳ್ಳೆಂದು ಸಾರುವುದು ಖಂಡಿತ. ‘ಕೋಳಿ ಕೂಗಲಿಲ್ಲ’ ಎಂಬ ಎರಡು ಪದಗಳ ಸತ್ಯವನ್ನು ನಿರ್ಮಿಸಲು ಧ್ವನಿಗಾರ ಎಷ್ಟು ಕೂಗುಗಳನ್ನು ಅಳಿಸಬೇಕಾಗುವುದೆಂದು ನೆನೆದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ಶಬ್ದದ ಅಭಾವವೂ ಕಟ್ಟಿದ ವಸ್ತುವೇ ಎಂಬುದನ್ನು ನಮ್ಮ ಧ್ವನಿಮೀಮಾಂಸಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಚಿತ್ರೀಕರಣಕ್ಕೆ ತಂಡಕ್ಕೆ ದೊರೆತುದು ನಾಲ್ಕು ದಿನ. ಸರಾಸರಿ ಒಂದು ರಾತ್ರಿಗೆ ನಾಲ್ಕು ನಿಮಿಷಗಳ ಮುಗಿದ ಚಿತ್ರ. ಈ ಅಂಕಿಯನ್ನು ಮುಂದಿಟ್ಟುಕೊಂಡು ಒಂದು ವಾಗ್ವಾದವನ್ನು ಬಗೆಹರಿಸಬಹುದೆಂದು ನಮಗೆ ತೋರುತ್ತದೆ. ಫಿಲ್ಮು ಹೋದ ಮೇಲೆ ಶಿಸ್ತೂ ಹೋಯಿತು ಎನ್ನುವ ಹಿರಿಯರಿದ್ದಾರೆ. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ; 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷದೊಳಗೆ ತೀರುತ್ತದೆ. 16 ನಿಮಿಷಗಳ ಚಿತ್ರಕ್ಕೆ ನಾಲ್ಕು ಪಟ್ಟು ಫಿಲ್ಮು ಕೊಟ್ಟರೂ ಹದಿನಾಲ್ಕು ಹದಿನೈದು ಸುರುಳಿ. ಆ ಭಯದಲ್ಲಿ ವಿದ್ಯಾರ್ಥಿ ಹತ್ತು ಸಲ ಯೋಚಿಸಿ ಕ್ಯಾಮೆರಾ ಓಡಿಸುತ್ತಿದ್ದ, ಈಗ ಯೋಚಿಸುವುದೇ ಇಲ್ಲ ಎಂಬುದು ಅವರ ಆರೋಪ. ಇದರಲ್ಲಿ ಸತ್ಯಾಂಶವಿದೆ, ಆದರೆ ಅದು ಫಿಲ್ಮಿನ ಗುಣವಲ್ಲ, ಮಿತಿಯ ಗುಣ. ಡಿಜಿಟಲ್ ಯುಗದಲ್ಲಿ ಮಿತಿ ಫಿಲ್ಮಿನಿಂದ ಕಾಲಕ್ಕೆ ವರ್ಗವಾಗಿದೆ. ನಾಲ್ಕು ರಾತ್ರಿಗಳಲ್ಲಿ ಕತ್ತಲೆ ಎಷ್ಟು ಗಂಟೆ ಇರುವುದೋ ಅಷ್ಟೇ ಕಚ್ಚಾವಸ್ತು. ಕಾರ್ಡು ಎಷ್ಟಾದರೂ ತುಂಬಬಹುದು, ರಾತ್ರಿಯನ್ನು ಹಿಗ್ಗಿಸಲಾಗದು. ಬೆಳಗಾಗದ ಊರಿನ ಕಥೆಯನ್ನು ಬೆಳಗಾಗುವುದರೊಳಗೆ ಮುಗಿಸಬೇಕಾದ ಈ ವಿಪರ್ಯಾಸವನ್ನು ಗಮನಿಸದೆ ಇರುವುದು ಹೇಗೆ!

ಇದಕ್ಕೆ ಎದುರಾದ ಇನ್ನೊಂದು ವಾದ ಈಗ ಹೆಚ್ಚು ಜನಪ್ರಿಯ. ಕೈಯಲ್ಲಿ ಫೋನಿರುವವನೆಲ್ಲ ಚಲನಚಿತ್ರಕಾರ, ಶಾಲೆ ಬೇಕಿಲ್ಲ ಎಂಬುದು ಅದರ ಸಾರ. ನಮಗೆ ಇದು ಒಪ್ಪಿಗೆಯಿಲ್ಲ. ಫೋನಿನ ಸಂವೇದಕ ಉಗುರಿನಷ್ಟು. ಕತ್ತಲೆಯಲ್ಲಿ ಅದು ಕಾಣುವುದಕ್ಕಿಂತ ಊಹಿಸುವುದೇ ಹೆಚ್ಚು. ಹಲವು ಚೌಕಟ್ಟುಗಳನ್ನು ಬೆರೆಸಿ, ಗದ್ದಲವನ್ನು ನುಣುಪಾಗಿ ಒರೆಸಿ, ರಾತ್ರಿಯನ್ನು ಮುಸ್ಸಂಜೆಯಂತೆ ಬೆಳಗಿಸಿಕೊಡುತ್ತದೆ. ಯಾವುದು ಕಾಣಬಾರದು ಎಂಬ ತೀರ್ಮಾನ ಅಲ್ಲಿ ಯಂತ್ರದ್ದು. ಯಂತ್ರಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಿರ್ದೇಶನ, ಎಲೆಕ್ಟ್ರಾನಿಕ್ ಛಾಯಾಗ್ರಹಣ, ಸಂಕಲನ, ಧ್ವನಿ ಈ ನಾಲ್ಕು ಶಾಖೆಗಳ ವಿದ್ಯಾರ್ಥಿಗಳನ್ನು ಒಂದೇ ಚಿತ್ರಕ್ಕೆ ಹೂಡುವ ಸಂಸ್ಥೆಯ ಸಂಯುಕ್ತ ಅಭ್ಯಾಸವೇ ಒಂದು ತಂತ್ರಜ್ಞಾನ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಇದು ಸಿಗುವುದಿಲ್ಲ. ಮೂರು ವರ್ಷದ ಚಲನಚಿತ್ರ ತರಗತಿಯ ನೆರಳಿನಲ್ಲಿ, ಒಂದು ವರ್ಷದ ದೂರದರ್ಶನ ತರಗತಿಯಿಂದ ಈ ಚಿತ್ರ ಬಂದಿತೆಂಬುದು ಆ ಪದ್ಧತಿಯ ಬಲವನ್ನು ತೋರಿಸುತ್ತದೆ.

ಇಷ್ಟು ಮೆಚ್ಚಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು. ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಬಹಿಷ್ಕಾರ ಹಳೆಯ ವಸ್ತು. ‘ಘಟಶ್ರಾದ್ಧ’ದಲ್ಲಿ ಯಮುನೆಯನ್ನು ಹೊರಹಾಕುವವರು ಯಾರು, ಯಾವ ವಿಧಿಯಿಂದ, ಯಾವ ಹಕ್ಕಿನಿಂದ ಎಂಬುದೆಲ್ಲ ಹಗಲಿನಂತೆ ಸ್ಪಷ್ಟ. ಕಪ್ಪುಬಿಳುಪಿನ ಆ ಚಿತ್ರದಲ್ಲಿ ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಗ್ರಹಾರದ ಕಂಬ, ಹೊಸ್ತಿಲುಗಳನ್ನೂ ಸಾಕ್ಷಿಗಳನ್ನಾಗಿ ನಿಲ್ಲಿಸುತ್ತದೆ. ಈ ಕಿರುಚಿತ್ರದಲ್ಲಿಯೂ ಒಂದು ಸಂಸಾರ ಊರಿನಿಂದ ಹೊರಬೀಳುತ್ತದೆ. ಆದರೆ ಆಜ್ಞೆ ಭವಿಷ್ಯವಾಣಿಯದು, ಊರು ಜನಪದ ಕಥೆಯ ಊರು. ಜಾತಿ, ಜಮೀನು, ಕೇರಿಗಳ ಗುರುತುಗಳಿಗೆ ಕಥೆಯ ಸಂರಚನೆಯಲ್ಲಿಯೇ ಎಡೆ ಕಡಿಮೆ. ಉಳಿದುದನ್ನು ಸುಂದರವಾದ ಕತ್ತಲೆ ನುಂಗುತ್ತದೆ. ದೀಪದ ಸುತ್ತ ಹೊಳೆಯುವ ಮುಖಗಳು ನಮ್ಮ ಕಣ್ಣನ್ನು ಎಷ್ಟು ತಣಿಸುತ್ತವೆಯೆಂದರೆ, ಹೊರಹಾಕುವ ಅಧಿಕಾರ ಯಾರದು ಎಂದು ಕೇಳಲು ನಾವು ಮರೆಯುತ್ತೇವೆ. ಹೊಸ ಸಂವೇದಕ ಕತ್ತಲೆಯನ್ನು ಅಗ್ಗ ಮಾಡಿದೆ. ಅಗ್ಗವಾದ ಕತ್ತಲೆ ಬೇಗ ಅಲಂಕಾರವಾಗುತ್ತದೆ. ಹದಿನಾರು ನಿಮಿಷಗಳ ವಿನೋದಮಯ ಕಥನದಲ್ಲಿ ಈ ಅಪಾಯ ಮಿತಿಯಲ್ಲಿಯೇ ಉಳಿಯುತ್ತದೆ. ಇದರ ಯಶಸ್ಸನ್ನು ಕಂಡು ಬರಲಿರುವ ‘ಜನಪದ ರಾತ್ರಿ’ಗಳ ವಿಷಯದಲ್ಲಿ ನಾವು ಅಷ್ಟು ನಿಶ್ಚಿಂತರಾಗಿಲ್ಲ.

ಕನ್ನಡ ಚಿತ್ರಕ್ಕೆ ಲೋಕದಲ್ಲಿ ಇಂಗ್ಲಿಷ್ ಹೆಸರೇ ಚಾಲ್ತಿಗೆ ಬಂದುದನ್ನು ಕುರಿತು ಇಲ್ಲಿ ದೀರ್ಘವಾಗಿ ಬರೆಯುವುದಿಲ್ಲ. ಉಪಶೀರ್ಷಿಕೆ ಎಂಬುದೂ ಒಂದು ತಂತ್ರಜ್ಞಾನ, ಅದಕ್ಕೂ ಅದರದೇ ಮಿತಿಯಿದೆ ಎಂದಷ್ಟೇ ಹೇಳಬಹುದು. ಎರಡು ಸಾಲು, ಸಾಲಿಗೆ ನಲವತ್ತರ ಆಸುಪಾಸು ಅಕ್ಷರ. ಅಷ್ಟರಲ್ಲಿ ಏಕವಚನ ಬಹುವಚನಗಳ ಅಂತರದಲ್ಲಿ ಕನ್ನಡ ಹಿಡಿದಿಡುವ ಸಿಟ್ಟು, ಸಲಿಗೆ, ತಿರಸ್ಕಾರಗಳು ದಾಟುವುದಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರದ ಪ್ರಶ್ನೆ, ಇಂತಹ ಚಿತ್ರವನ್ನು ಎಲ್ಲಿ, ಹೇಗೆ ನೋಡುತ್ತೇವೆ ಎಂಬುದು. ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿಯಲ್ಲಿ ಪ್ರತಿ ಬಣ್ಣಕ್ಕೆ 4,096 ಮೆಟ್ಟಿಲುಗಳಿರುತ್ತವೆ; ಫೋನಿಗೆ ಬರುವ ಸಾಮಾನ್ಯ ಪ್ರತಿಯಲ್ಲಿ 256. ಕಪ್ಪಿನಿಂದ ಕಡುಗಪ್ಪಿಗೆ ಇಳಿಯುವ ನಯವಾದ ಇಳಿಜಾರು ಅಲ್ಲಿ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ನಮ್ಮ ಸಂಘಗಳ ಸಭಾಂಗಣದ ಪ್ರೊಜೆಕ್ಟರಂತೂ ಕಪ್ಪನ್ನು ಎಸೆಯಲಾರದು. ಕಪ್ಪೆಂದರೆ ತೆರೆಯ ಮೇಲೆ ಬೆಳಕು ಬೀಳದಿರುವುದು, ಬಾಗಿಲ ಸಂದಿಯಿಂದ ಬರುವ ಟ್ಯೂಬ್‌ಲೈಟಿನ ಬೆಳಕೇ ಅದನ್ನು ಬೂದಿಯಾಗಿಸಲು ಸಾಕು. ರಾಜ್ಯೋತ್ಸವದ ಸಂಜೆ ಈ ಚಿತ್ರವನ್ನು ತೋರಿಸಬೇಕೆಂದಿರುವ ಗೆಳೆಯರು ಮೊದಲು ಕಿಟಕಿಗಳಿಗೆ ದಪ್ಪ ಪರದೆ ಹೊಲಿಸಲಿ.

ಕೊನೆಯದಾಗಿ ಉಳಿವಿನ ಮಾತು. 2024ರಲ್ಲಿಯೇ, ಕಾನ್ ಪ್ರಶಸ್ತಿ ಬಂದ ಕೆಲವು ತಿಂಗಳುಗಳಲ್ಲಿ, ‘ಘಟಶ್ರಾದ್ಧ’ದ 4ಕೆ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ನಡೆಸಿದ ಆ ಕಾರ್ಯ ಸಾಧ್ಯವಾದುದು ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ. ನಲವತ್ತೇಳು ವರ್ಷ ಹಳೆಯದಾದರೂ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ವಿದ್ಯಾರ್ಥಿಗಳ ಈ ಕಿರುಚಿತ್ರ ಹುಟ್ಟಿದುದು ಕಡತಗಳಲ್ಲಿ. ಕಡತವನ್ನು ಬೆಳಕಿಗೆ ಹಿಡಿದರೆ ಏನೂ ಕಾಣದು. ಅದನ್ನು ಓದುವ ತಂತ್ರಾಂಶ ಬೇಕು, ಅದಿರುವ ಡ್ರೈವ್ ತಿರುಗಬೇಕು, ದಾಖಲೆಯ ಟೇಪಾದರೆ ತಲೆಮಾರು ಬದಲಾದಾಗಲೆಲ್ಲ ಹೊಸ ಟೇಪಿಗೆ ಸಾಗಿಸುತ್ತಿರಬೇಕು. ಒಂದೊಂದು ಕಿರುಚಿತ್ರದ ಕಚ್ಚಾ ಚಿತ್ರಿಕೆ, ಬಿಡಿ ಧ್ವನಿಪಥ, ವರ್ಣಸಂಸ್ಕಾರದ ಕಡತಗಳನ್ನು ಒಟ್ಟಾಗಿ ಕಾಪಿಡುವ ಏರ್ಪಾಡು ಯಾರ ಹೊಣೆ ಎಂಬುದನ್ನು ವಿದ್ಯಾರ್ಥಿಯ ತಲೆಗೆ ಕಟ್ಟಲಾಗದು. ಅವನು ಕೋರ್ಸು ಮುಗಿಸಿ ಊರಿಗೆ ಹೊರಟುಹೋಗುತ್ತಾನೆ. 2024ಕ್ಕೆ ನಲವತ್ತೇಳು ಕೂಡಿದರೆ 2071; ಆ ವರ್ಷ ಯಾರಾದರೂ ಈ ಚಿತ್ರದ ಕತ್ತಲೆಯನ್ನು ಮತ್ತೆ ತಿದ್ದಿ ತೋರಿಸಬೇಕೆಂದು ಬಯಸಿದರೆ ಅವರ ಕೈಗೆ ಸಿಗಬೇಕಾದ ಪೆಟ್ಟಿಗೆಯ ಮೇಲೆ ಇಂದೇ ಚೀಟಿ ಅಂಟಿಸಬೇಕಾಗಿದೆ.